ಪಂಕ್ತಿಯ ಪ್ರಶ್ನೆ: ಚಿಕ್ಕಲ್ಲೂರಿನಲ್ಲಿ ಕಲ್ಯಾಣದ ಮರುಹುಡುಕಾಟ

ಧರ್ಮಗಳ ಚರಿತ್ರೆಯಲ್ಲಿ ಒಂದಲ್ಲ ಒಂದು ಘಟ್ಟದಲ್ಲಿ ‘ಮೂಲಕ್ಕೆ ಮರಳೋಣ’ ಎಂಬ ಧ್ವನಿ ಕೇಳಿಬರುತ್ತದೆ. ಜೈನಧರ್ಮವೂ ಇದಕ್ಕೆ ಹೊರತಲ್ಲ. ದಿಗಂಬರ ಮುನಿಪರಂಪರೆಯ ಪ್ರಧಾನ ಶಾಖೆ ತನ್ನನ್ನು ‘ಮೂಲಸಂಘ’ವೆಂದು ಕರೆದುಕೊಂಡಿತು. 15ನೆಯ ಶತಮಾನದ ಗುಜರಾತಿನಲ್ಲಿ ಲೋಂಕಾಶಾಹನು ಆಗಮಗಳನ್ನು ಓದಿ, ಮೂರ್ತಿಪೂಜೆಗೆ ಅವುಗಳಲ್ಲಿ ಆಧಾರವಿಲ್ಲವೆಂದು ವಾದಿಸಿದನು. 17ನೆಯ ಶತಮಾನದ ಆಗ್ರಾದಲ್ಲಿ ಬನಾರಸೀದಾಸನೂ ಅವನ ಅಧ್ಯಾತ್ಮಗೋಷ್ಠಿಯವರೂ ಕುಂದಕುಂದಾಚಾರ್ಯರ ಸಮಯಸಾರವನ್ನು ಮುಂದಿಟ್ಟುಕೊಂಡು ಬಾಹ್ಯಾಚಾರಗಳನ್ನು ಪ್ರಶ್ನಿಸಿದರು. ಇಂತಹ ಚಳವಳಿಗಳನ್ನು ಅಭ್ಯಸಿಸುವವರು ಸಾಮಾನ್ಯವಾಗಿ ಕೇಳುವ ಪ್ರಶ್ನೆ, ಅವು ಯಾವ ಗ್ರಂಥಕ್ಕೆ, ಯಾವ ಕಾಲಕ್ಕೆ ಮರಳಿದವು ಎಂಬುದು. ಇನ್ನೊಂದು ಪ್ರಶ್ನೆಯನ್ನೂ ಕೇಳಬೇಕಾಗಿದೆ. ಮೂಲವನ್ನು ಕಂಡುಕೊಂಡೆವೆಂದವರು ಊಟಕ್ಕೆ ಕುಳಿತಾಗ ತಮ್ಮ ಪಕ್ಕದಲ್ಲಿ ಯಾರನ್ನು ಕೂರಿಸಿಕೊಂಡರು?

ಈ ಪ್ರಶ್ನೆಯನ್ನು ಇಟ್ಟುಕೊಂಡು ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯ ಮಂಟೇಸ್ವಾಮಿ ಪರಂಪರೆಯನ್ನು ನೋಡುವುದು ಈ ಲೇಖನದ ಉದ್ದೇಶ. ಈ ಸೀಮೆ ಬಹುಕಾಲ ಗಡಿನಾಡಾಗಿತ್ತು. ಪೂರ್ವಕ್ಕೆ ಮಾದೇಶ್ವರನ ಮಲೆ, ಪಶ್ಚಿಮಕ್ಕೆ ಬಿಳಿಗಿರಿರಂಗನ ಬೆಟ್ಟ, ಉತ್ತರಕ್ಕೆ ಕಾವೇರಿ. ಟಿಪ್ಪುವಿನ ಪತನದ ತರುವಾಯ ಯಳಂದೂರು ಮೈಸೂರು ಸಂಸ್ಥಾನದೊಳಗೆ ದಿವಾನ್ ಪೂರ್ಣಯ್ಯನವರ ಜಹಗೀರಾಯಿತು. ಪಕ್ಕದ ಕೊಳ್ಳೇಗಾಲವಾದರೋ ಮದರಾಸು ಅಧಿಪತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿ, 1956ರಲ್ಲಷ್ಟೇ ಮೈಸೂರಿಗೆ ಮರಳಿತು. ಕೊಳ್ಳೇಗಾಲದ ಬಳಿಯ ಬಸ್ತೀಪುರದ ಹೆಸರಿನಲ್ಲಿಯೇ ಬಸದಿಯ ನೆನಪಿದೆ. ಬೇಸಾಯಗಾರರು, ನೇಕಾರರು, ಕುರಿಗಾಹಿಗಳು, ಬೆಟ್ಟದ ಸೋಲಿಗರು, ಊರ ಹೊರಗಿರಿಸಲ್ಪಟ್ಟ ದಲಿತರು ಎಲ್ಲರೂ ಬದುಕಿರುವ ಈ ನೆಲದಲ್ಲಿ ಎರಡು ಮಹಾಕಾವ್ಯಗಳು ಬಾಯಿಂದ ಬಾಯಿಗೆ ಹರಿದುಬಂದಿವೆ. ಕಂಸಾಳೆಯವರು ಹಾಡುವ ಮಾದೇಶ್ವರನ ಕಾವ್ಯ ಒಂದು. ತಂಬೂರಿ ಹಿಡಿದ ನೀಲಗಾರರು ಹಾಡುವ ಮಂಟೇಸ್ವಾಮಿ ಕಾವ್ಯ ಇನ್ನೊಂದು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಇವೆರಡನ್ನೂ ಅಕ್ಷರರೂಪಕ್ಕೆ ತಂದಿದೆ.

ಈ ಎರಡರ ನಡುವೆ ಒಂದು ಮುಖ್ಯ ವ್ಯತ್ಯಾಸವಿದೆ. ಮಾದೇಶ್ವರನ ಎದುರಾಳಿ ಹೊರಗಿನವನು. ದೇವತೆಗಳನ್ನೇ ಸೆರೆಯಲ್ಲಿಟ್ಟ ಶ್ರವಣದೊರೆ. ಆ ಹೆಸರಿನಲ್ಲಿ ಶ್ರಮಣನ ನೆರಳನ್ನು ಕಂಡ ವಿದ್ವಾಂಸರೂ ಇದ್ದಾರೆ. ಜೈನ ಓದುಗರು ಅದನ್ನು ಪ್ರತ್ಯೇಕವಾಗಿಯೇ ವಿಚಾರಿಸಬೇಕು. ಮಂಟೇಸ್ವಾಮಿಯ ಎದುರಾಳಿಗಳು ಹಾಗಲ್ಲ. ಅವರು ಅವನದೇ ಮನೆಯವರು, ಕಲ್ಯಾಣದ ಶರಣರು.

ಕಾವ್ಯದ ಕಲ್ಯಾಣಪಟ್ಟಣದ ಸಾಲು ಹೀಗೆ ಸಾಗುತ್ತದೆ. ಬಸವಣ್ಣನ ಅರಮನೆಯಲ್ಲಿ 1,96,000 ಜಂಗಮರಿಗೆ ನಿತ್ಯ ದಾಸೋಹ. ಅಲ್ಲಿಗೆ ಧರೆಗೆ ದೊಡ್ಡವರೆನಿಸಿದ ಮಂಟೇಸ್ವಾಮಿ ಬರುತ್ತಾರೆ. ಪರಂಪರೆಯ ನಂಬಿಕೆಯಲ್ಲಿ ಅವರು ಅಲ್ಲಮಪ್ರಭುವೇ. ಆದರೆ ಬರುವುದು ಪೂಜ್ಯವೇಷದಲ್ಲಿ ಅಲ್ಲ. ಮೈಯೆಲ್ಲ ಕೊಳೆತ ರೋಗಿಯಾಗಿ, ಹೆಂಡ ಮಾಂಸಗಳನ್ನು ಹೊತ್ತು, ನೊಣ ಮುತ್ತಿದ ದೇಹದೊಡನೆ. ಬಾಗಿಲಲ್ಲಿ ಅವರನ್ನು ತಡೆಯುತ್ತಾರೆ, ಶುಭ್ರವಸ್ತ್ರದ ಶರಣರು ಮೂಗು ಮುಚ್ಚಿಕೊಳ್ಳುತ್ತಾರೆ. ಅವರು ಹೋಗಿ ತಿಪ್ಪೆಯ ಮೇಲೆ ಮಲಗುತ್ತಾರೆ. ವಿಷಯ ತಿಳಿದ ಬಸವಣ್ಣ ಮತ್ತು ನೀಲಮ್ಮ ತಿಪ್ಪೆಯ ಬಳಿಗೆ ಓಡಿಬಂದು, ಮುಟ್ಟಿದರೆ ಕಳಚಿಬೀಳುವ ಆ ಶರೀರವನ್ನು ಎತ್ತಿಕೊಂಡು ಮನೆಗೆ ಒಯ್ಯುತ್ತಾರೆ. ಅನಂತರ ನಡೆಯುವುದು ಲಿಂಗಗಳ ಪರೀಕ್ಷೆ. ಸಾವಿರಾರು ಕೊರಳುಗಳಲ್ಲಿ ತೂಗುತ್ತಿದ್ದ ಲಿಂಗಗಳಲ್ಲಿ ಹೆಚ್ಚಿನವು ಬರಿಯ ಕಲ್ಲಾಗಿ ಉಳಿಯುತ್ತವೆ. ಬಸವಣ್ಣ ನೀಲಮ್ಮರಂತಹ ನಿಜಶರಣರು ಮಾತ್ರ ಗೆಲ್ಲುತ್ತಾರೆ. ಹಾಡುಗಾರರಿಂದ ಹಾಡುಗಾರರಿಗೆ ವಿವರಗಳು ಬದಲಾಗುತ್ತವೆಯಾದರೂ ತಿಪ್ಪೆಯೂ ಪರೀಕ್ಷೆಯೂ ಕಥೆಯ ಕೇಂದ್ರದಿಂದ ಕದಲುವುದಿಲ್ಲ.

ಈ ಪ್ರಸಂಗವನ್ನು ಬಸವಣ್ಣನ ನಿಂದೆಯೆಂದು ಓದುವುದು ತಪ್ಪು. ಇಲ್ಲಿ ಸೋಲುವವನು ಬಸವಣ್ಣನಲ್ಲ. ಬಸವಣ್ಣನ ಹೆಸರಿನಲ್ಲಿ ನೆರೆದಿರುವ ಗುಂಪು. ಕಲ್ಯಾಣವು ಕಟ್ಟಿಕೊಟ್ಟ ಕುರುಹು ಕಾಲಕ್ರಮದಲ್ಲಿ ಕಲ್ಯಾಣದ ಅರ್ಥವನ್ನೇ ನುಂಗಿತು ಎಂಬುದು ಈ ಕಾವ್ಯದ ದೂರು. ಜಾತಿಯನ್ನು ನಿರಾಕರಿಸಲು ಹುಟ್ಟಿದ ಲಿಂಗವೇ ಲಿಂಗವಿದ್ದವರು ಮತ್ತು ಇಲ್ಲದವರು ಎಂಬ ಹೊಸ ಜಾತಿಗೆ ಗುರುತಾಯಿತು. ಆದ್ದರಿಂದ ಮೂಲಕ್ಕೆ ಮರಳಬೇಕಾದವರು ಕುರುಹಿನ ಹಿಂದಕ್ಕೆ ಹೋಗಬೇಕು.

ಮಂಟೇಸ್ವಾಮಿಯ ಕಾಲವನ್ನು ವಿದ್ವಾಂಸರು ಸಾಮಾನ್ಯವಾಗಿ 15–16ನೆಯ ಶತಮಾನಗಳಲ್ಲಿ ಇರಿಸುತ್ತಾರೆ. ವಿಜಯನಗರದ ಪ್ರೌಢದೇವರಾಯನ ಆಶ್ರಯದಲ್ಲಿ ವೀರಶೈವ ಪುನರುಜ್ಜೀವನ ನಡೆದುದೂ 15ನೆಯ ಶತಮಾನದಲ್ಲಿ. ಲಕ್ಕಣ್ಣದಂಡೇಶನ ಶಿವತತ್ತ್ವಚಿಂತಾಮಣಿ, ಚಾಮರಸನ ಪ್ರಭುಲಿಂಗಲೀಲೆ, ಶಿವಗಣಪ್ರಸಾದಿ ಮಹಾದೇವಯ್ಯನ ಶೂನ್ಯಸಂಪಾದನೆ ಆ ಶತಮಾನದ ಫಲಗಳು. ಚದುರಿದ ವಚನಗಳನ್ನು ಕೂಡಿಸಿ, ಕಲ್ಯಾಣದ ಅನುಭವಮಂಟಪವನ್ನು ಗ್ರಂಥದಲ್ಲಿ ಮತ್ತೆ ಕಟ್ಟಿದುದು ಒಂದು ಬಗೆಯ ಮರಳುವಿಕೆ. ನಮ್ಮ ಸೀಮೆಯಲ್ಲಿ ಅದರ ಮುಂದುವರಿಕೆಯನ್ನು ಯಳಂದೂರಿನಲ್ಲಿ ಕಾಣುತ್ತೇವೆ. ಅಲ್ಲಿಯ ಮಠಾಧಿಪತಿಯಾಗಿದ್ದ ಷಡಕ್ಷರದೇವನು 1677ರಲ್ಲಿ ಬಸವಣ್ಣನ ಚರಿತೆಯನ್ನು ವೃಷಭೇಂದ್ರವಿಜಯವೆಂಬ ಚಂಪೂಕಾವ್ಯವಾಗಿ ರಚಿಸಿದನು. ಪಂಪನಿಂದ ಮೊದಲ್ಗೊಂಡು ಜೈನಕವಿಗಳು ಬೆಳೆಸಿದ ಚಂಪೂರೂಪವನ್ನು ಶರಣನ ಕಥೆಗೆ ತೊಡಿಸಿದ ಪಾಂಡಿತ್ಯ ಆತನದು. ಯಳಂದೂರಿನ ಮಠದಲ್ಲಿ ಓಲೆಗರಿಯ ಮೇಲೆ ಕಲ್ಯಾಣವು ವರ್ಣನೆಗೊಳ್ಳುತ್ತಿದ್ದಾಗ, ಕೆಲವೇ ಹರದಾರಿಗಳ ಆಚೆ ಓದುಬರಹ ನಿರಾಕರಿಸಲ್ಪಟ್ಟವರ ಬಾಯಲ್ಲಿ ಅದೇ ಕಲ್ಯಾಣ ಪರೀಕ್ಷೆಗೊಳಗಾಗುತ್ತಿತ್ತು. ಒಂದು ಕಲ್ಯಾಣದ ವೈಭವವನ್ನು ನೆನೆಯಿತು, ಇನ್ನೊಂದು ಕಲ್ಯಾಣದ ಬಾಕಿಯನ್ನು ಲೆಕ್ಕಹಾಕಿತು. ಎರಡೂ ಕನ್ನಡದ ಆಸ್ತಿಗಳೇ.

ಕಲ್ಯಾಣವನ್ನು ಬಿಟ್ಟ ಮಂಟೇಸ್ವಾಮಿ ದಕ್ಷಿಣಾಭಿಮುಖವಾಗಿ ನಡೆಯುತ್ತಾರೆ. ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರದಲ್ಲಿ ನೆಲೆಗೊಳ್ಳುತ್ತಾರೆ. ರಾಚಪ್ಪಾಜಿ ಮತ್ತು ಚೆನ್ನಾಜಮ್ಮ ಕಾವೇರಿತೀರದ ಕಪ್ಪಡಿಯಲ್ಲಿ, ದೊಡ್ಡಮ್ಮತಾಯಿ ಮುತ್ತನಹಳ್ಳಿ ತೋಪಿನಲ್ಲಿ, ಸಿದ್ದಪ್ಪಾಜಿ ಚಿಕ್ಕಲ್ಲೂರಿನಲ್ಲಿ ನೆಲೆಸುತ್ತಾರೆ. ಹೀಗೆ ಗುರುವಿನ ಒಂದು ಪಟ್ಟಣದ ಬದಲು ಗದ್ದುಗೆಗಳ ಒಂದು ಜಾಲವೇ ಹಬ್ಬುತ್ತದೆ. ಈ ಪರಂಪರೆ ತನ್ನ ಸುತ್ತಣ ಸಮಾಜದೊಡನೆ ನಡೆಸಿದ ವ್ಯವಹಾರವನ್ನು ತಿಳಿಯಲು ಸಿದ್ದಪ್ಪಾಜಿಯ ಸಾಲು ಮುಖ್ಯವಾದುದು. ಅವನು ನಿಡಘಟ್ಟದ ಕಮ್ಮಾರರ ಮನೆಯ ಮಗ, ಮೊದಲ ಹೆಸರು ಕೆಂಪಾಚಾರಿ. ಅವನನ್ನು ಶಿಶುಮಗನನ್ನಾಗಿ ಪಡೆದ ಗುರು ಅವನನ್ನು ಕಳುಹಿಸುವುದು ಹಲಗೂರಿನ ಪಾಂಚಾಳರಲ್ಲಿಗೆ, ಕಬ್ಬಿಣದ ಭಿಕ್ಷೆಗೆ. ಕಾಡು ಕಡಿದು ನೆಲ ಮಾಡುತ್ತಿದ್ದ ಕಾಲದಲ್ಲಿ ಕಬ್ಬಿಣ ಉಳ್ಳವನೇ ಬಲ್ಲಿದ. ಪಾಂಚಾಳರು ಕೊಡಲೊಪ್ಪದೆ ಅವನನ್ನು ವಿಷವೇ ಮೊದಲಾದ ಪರೀಕ್ಷೆಗಳಿಗೆ ಒಡ್ಡುತ್ತಾರೆ. ಅವನು ಎಲ್ಲವನ್ನೂ ಗೆದ್ದುಬರುತ್ತಾನೆ. ಕಮ್ಮಾರರ ಕುಲದವನನ್ನೇ ಕಮ್ಮಾರರ ಬಾಗಿಲಿಗೆ ಭಿಕ್ಷುಕನಾಗಿ ಕಳುಹಿಸಿದುದರಲ್ಲಿ ಒಂದು ತತ್ತ್ವವಿದೆ. ಕುಲದ ವಿದ್ಯೆಯನ್ನೂ ಕುಲದ ಸೊತ್ತನ್ನೂ ಕುಲದ ಗಡಿಯಾಚೆಗೆ ಕೇಳಬೇಕು. ದೇವರಿಗೆ ಹೂವು ಕೇಳುವ ಭಕ್ತಿಗಿಂತ ಸಮಾಜವನ್ನು ಕಬ್ಬಿಣ ಕೇಳುವ ಭಕ್ತಿ ಹೆಚ್ಚು ಕಠಿನವಾದುದು.

ನೀಲಗಾರರ ದೀಕ್ಷೆಯಲ್ಲಿಯೂ ಇದೇ ನಿಲುವು ಕಾಣುತ್ತದೆ. ನೀಲಗಾರನಾಗಲು ಇಂತಹುದೇ ಜಾತಿ ಬೇಕೆಂಬ ನಿಯಮವಿಲ್ಲ. ಹಾಡುವವರಲ್ಲಿ ದಲಿತರೇ ಹೆಚ್ಚಾದರೂ ಒಕ್ಕಲುಗಳಲ್ಲಿ ಬೇರೆ ಬೇರೆ ಸಮುದಾಯದವರು ಇದ್ದಾರೆ. ಆದರೆ ಚರಿತ್ರಕಾರನು ಇನ್ನೊಂದು ಪಕ್ಕವನ್ನೂ ಬರೆಯಬೇಕು. ಪರಂಪರೆಯ ಮಠಾಧಿಕಾರವು ಅರಸು ಮನೆತನದವರ ಕೈಯಲ್ಲಿದೆ. ಗದ್ದುಗೆ ಒಂದು ಕಡೆ, ಹಾಡು ಇನ್ನೊಂದು ಕಡೆ ಎಂಬ ಈ ವಿಭಾಗ ಕಾವ್ಯದ ನಿಲುವಿಗೆ ಸಹಜವಾಗಿ ಒಗ್ಗುವಂತಹುದಲ್ಲ. ಮೂಲಕ್ಕೆ ಮರಳುವ ಚಳವಳಿಗಳು ಬಾಳಬೇಕಾದರೆ ತಮ್ಮ ಕಾಲದ ಅಧಿಕಾರದೊಡನೆ ಎಲ್ಲಿಯೋ ಒಂದು ಒಪ್ಪಂದ ಮಾಡಿಕೊಳ್ಳುತ್ತವೆ.

ಈ ಮಾತು ನಮ್ಮ ನಾಡಿಗಷ್ಟೇ ಸಲ್ಲುವುದಲ್ಲ ಎಂಬುದನ್ನು ತೋರಿಸಲು ಕಡಲಾಚೆಯ ಒಂದು ನಿದರ್ಶನವನ್ನು ಇಲ್ಲಿ ಇಡಬಹುದು. 19ನೆಯ ಶತಮಾನದ ಆರಂಭದಲ್ಲಿ, ಅಮೆರಿಕೆಯ ಸಂಯುಕ್ತ ಸಂಸ್ಥಾನಗಳು ಇನ್ನೂ ಎಳೆಯ ರಾಷ್ಟ್ರವಾಗಿದ್ದಾಗ, ಅಲ್ಲಿಯ ಪ್ರೊಟೆಸ್ಟೆಂಟರಲ್ಲಿ ಒಂದು ಪುನಃಸ್ಥಾಪನಾ ಚಳವಳಿ ಹುಟ್ಟಿತು. ಏಸುವಿನ ಮೊದಲ ಶಿಷ್ಯರ ಕಾಲದ ಸಭೆಯನ್ನು ಮತ್ತೆ ನಿಲ್ಲಿಸಬೇಕು, ಆನಂತರದ ಶತಮಾನಗಳಲ್ಲಿ ಬೆಳೆದ ಪಂಥಗಳನ್ನೂ ಪಂಥಗಳ ಪ್ರಮಾಣಪತ್ರಗಳನ್ನೂ ಕೈಬಿಡಬೇಕು ಎಂಬುದು ಅದರ ಗುರಿ. ಅದರ ಹುಟ್ಟಿನಲ್ಲಿಯೇ ಊಟದ ಪ್ರಶ್ನೆ ಇದ್ದುದು ವಿಚಾರಾರ್ಹ. ಏಸುವಿನ ಕೊನೆಯ ಊಟವನ್ನು ನೆನೆದು ರೊಟ್ಟಿ ಮತ್ತು ದ್ರಾಕ್ಷಾರಸವನ್ನು ಹಂಚಿಕೊಳ್ಳುವುದು ಕ್ರೈಸ್ತರ ಪವಿತ್ರ ವಿಧಿ. ಸ್ಕಾಟ್‌ಲೆಂಡಿನ ಪ್ರೆಸ್ಬಿಟೇರಿಯನ್ ಪಂಗಡಗಳಲ್ಲಿ ಆ ಪಂಕ್ತಿಗೆ ಅರ್ಹರೆಂದು ಹಿರಿಯರು ಒಪ್ಪಿದವರಿಗೆ ಲೋಹದ ಬಿಲ್ಲೆಯೊಂದನ್ನು ಕೊಡುವ ಪದ್ಧತಿಯಿತ್ತು. ಬಿಲ್ಲೆ ಇಲ್ಲದವನಿಗೆ ಪಂಕ್ತಿಯಿಲ್ಲ. 1807ರಲ್ಲಿ ಐರ್ಲೆಂಡಿನಿಂದ ಪೆನ್ಸಿಲ್ವೇನಿಯಕ್ಕೆ ಬಂದ ಪಾದ್ರಿ ಥಾಮಸ್ ಕ್ಯಾಂಪ್‌ಬೆಲ್ ತನ್ನ ಪಂಗಡಕ್ಕೆ ಸೇರದವರನ್ನೂ ಆ ಊಟಕ್ಕೆ ಕರೆದನೆಂದು ಅವನ ಮೇಲೆ ಆರೋಪ ಬಂದಿತು. ಅವನು ಹೊರಬಂದು 1809ರಲ್ಲಿ ಕ್ರೈಸ್ತರ ಐಕ್ಯವನ್ನು ಸಾರುವ ಘೋಷಣೆಯನ್ನು ಪ್ರಕಟಿಸಿದನು. ಅದೇ ವರ್ಷ ಅವನ ಮಗ ಅಲೆಗ್ಸಾಂಡರ್ ಗ್ಲಾಸ್ಗೋ ನಗರದಲ್ಲಿ ತನಗೆ ಸಿಕ್ಕಿದ್ದ ಬಿಲ್ಲೆಯನ್ನು ತಟ್ಟೆಗೆ ಹಾಕಿ, ಊಟದಲ್ಲಿ ಪಾಲ್ಗೊಳ್ಳದೆ ಎದ್ದುಬಂದನು. ಬಿಲ್ಲೆಯ ಕಥೆಗೂ ಲಿಂಗಪರೀಕ್ಷೆಯ ಕಥೆಗೂ ನಡುವೆ ಸಂಬಂಧವೇನೂ ಇಲ್ಲ. ಆದರೆ ಎರಡರಲ್ಲಿಯೂ ಕುರುಹು ಪ್ರವೇಶಪತ್ರವಾದಾಗ ಹುಟ್ಟುವ ನಾಚಿಕೆ ಒಂದೇ.

ಗಡಿಪ್ರದೇಶದ ಅಮೆರಿಕನ್ನರಿಗೆ ಈ ಚಳವಳಿ ಹಿಡಿಸಿತು. 1801ರಲ್ಲಿ ಕೆಂಟಕಿಯ ಕೇನ್ ರಿಜ್‌ನಲ್ಲಿ ಸಾವಿರಾರು ಜನ ಸೇರಿದ ಮಹಾಸಭೆಗೆ ಕಾರಣನಾದ ಬಾರ್ಟನ್ ಸ್ಟೋನ್‌ನ ಅನುಯಾಯಿಗಳೂ ಕ್ಯಾಂಪ್‌ಬೆಲ್ಲರ ಅನುಯಾಯಿಗಳೂ 1832ರಲ್ಲಿ ಲೆಕ್ಸಿಂಗ್ಟನ್‌ನಲ್ಲಿ ಒಂದುಗೂಡಿದರು. ರಾಜರನ್ನು ಆಗತಾನೆ ನಿರಾಕರಿಸಿದ್ದ ಜನಕ್ಕೆ, ಸಾಮಾನ್ಯನೂ ತಾನೇ ಗ್ರಂಥವನ್ನು ಓದಿ ಅರ್ಥಮಾಡಿಕೊಳ್ಳಬಲ್ಲನೆಂಬ ಮಾತು ತಮ್ಮ ರಾಜಕೀಯದ ಮಾತಿನಂತೆಯೇ ಕೇಳಿಸಿತು. ಅಲೆಗ್ಸಾಂಡರ್ ಪತ್ರಿಕೆ ನಡೆಸಿದನು, ವರ್ಜೀನಿಯದ 1829–30ರ ಸಂವಿಧಾನ ಸಮಾವೇಶದಲ್ಲಿ ಪ್ರತಿನಿಧಿಯಾಗಿ ಕುಳಿತನು, 1840ರಲ್ಲಿ ಬೆಥನಿ ಕಾಲೇಜನ್ನು ಸ್ಥಾಪಿಸಿದನು. ಆದರೆ ಆ ಸಮಾಜದ ಅತಿ ದೊಡ್ಡ ಪಾಪವಾದ ಗುಲಾಮಗಿರಿಯ ಎದುರು ನಿಂತಾಗ ಅವನ ದನಿ ಕುಗ್ಗಿತು. ಗುಲಾಮಗಿರಿ ಅವನಿಗೆ ಇಷ್ಟವಿರಲಿಲ್ಲ. ಹಾಗಿದ್ದರೂ 1845ರ ತನ್ನ ಲೇಖನಗಳಲ್ಲಿ, ಒಡೆಯ ಮತ್ತು ಆಳಿನ ಸಂಬಂಧವನ್ನೇ ಪಾಪವೆಂದು ಗ್ರಂಥ ಹೇಳುವುದಿಲ್ಲ, ಆದ್ದರಿಂದ ಸಭೆ ಅದರ ಮೇಲೆ ಒಡೆಯಬಾರದು ಎಂದು ವಾದಿಸಿದನು. ಐಕ್ಯವು ಉಳಿಯಬೇಕೆಂಬ ಆಸೆ ನ್ಯಾಯದ ಮಾತನ್ನು ಹಿಂದಕ್ಕೆ ತಳ್ಳಿತು. ಆ ಐಕ್ಯವೂ ಉಳಿಯಲಿಲ್ಲ. 1906ರ ಧಾರ್ಮಿಕ ಗಣತಿಯಲ್ಲಿ ಚಳವಳಿಯ ಎರಡು ಕವಲುಗಳು ಪ್ರತ್ಯೇಕವಾಗಿ ದಾಖಲಾದವು. ಮೂಲಗ್ರಂಥ ಮಾತನಾಡದ ಕಡೆ ತಾವೂ ಮೌನವಾಗಿರಬೇಕೆಂದವರು ಯಾರ ಬಗೆಗೆ ಮೌನವಾದರು ಎಂಬುದರಲ್ಲಿ ಆ ಚಳವಳಿಯ ಮಿತಿ ಕಾಣುತ್ತದೆ.

ಚಿಕ್ಕಲ್ಲೂರಿನ ಪರಂಪರೆಗೆ ಇಂತಹ ಮೂಲಗ್ರಂಥವಿರಲಿಲ್ಲ. ಅದಕ್ಕೆ ಇದ್ದುದು ಹಾಡು ಮತ್ತು ಜಾತ್ರೆ. ಬನದ ಹುಣ್ಣಿಮೆಯಂದು ಆರಂಭವಾಗುವ ಜಾತ್ರೆ ಐದು ದಿನ ನಡೆಯುತ್ತದೆ. ಮೊದಲ ರಾತ್ರಿ ಬಿದಿರಿನಿಂದ ಕಟ್ಟಿದ ಚಂದ್ರಮಂಡಲಕ್ಕೆ ಜ್ಯೋತಿ ಹೊತ್ತಿಸುತ್ತಾರೆ. ಉರಿ ಯಾವ ದಿಕ್ಕಿಗೆ ಹೆಚ್ಚು ವಾಲುವುದೋ ಆ ದಿಕ್ಕಿನಲ್ಲಿ ಮಳೆಬೆಳೆ ಚೆನ್ನಾಗಿ ಆಗುವುದೆಂದು ನಂಬಿಕೆ. ಮುಂದೆ ದೊಡ್ಡವರ ಸೇವೆ, ಮುಡಿಸೇವೆ. ನಾಲ್ಕನೆಯ ದಿನ ಪಂಕ್ತಿಸೇವೆ. ಐದನೆಯ ದಿನ ಮುತ್ತುರಾಯರ ಸೇವೆ. ಪಂಕ್ತಿಸೇವೆಯಂದು ಒಕ್ಕಲುಗಳು ತಮ್ಮ ಬಿಡದಿಗಳಲ್ಲಿ ಮಾಂಸದ ಅಡಿಗೆ ಮಾಡಿ, ಸಿದ್ದಪ್ಪಾಜಿಗೆ ಎಡೆಯಿಟ್ಟು, ಜಾತಿಯನ್ನು ಕೇಳದೆ ಸಾಲಾಗಿ ಕುಳಿತು ಉಣ್ಣುತ್ತಾರೆ. ಕಲ್ಯಾಣದ ಬಾಗಿಲಲ್ಲಿ ತಡೆಯಲ್ಪಟ್ಟವನ ನೆನಪಿನಲ್ಲಿ ಯಾರನ್ನೂ ತಡೆಯದ ಊಟ ಅದು. ಉಳಿದ ದಿನಗಳಲ್ಲಿ ಊರಿನ ಬಾವಿಯೂ ಹೋಟೆಲೂ ದೇಗುಲವೂ ನಿರಾಕರಿಸಿದ ಸಮಾನತೆಯನ್ನು ಈ ಜನ ಶತಮಾನಗಳಿಂದ ವರ್ಷಕ್ಕೊಮ್ಮೆ ತಮ್ಮ ತಟ್ಟೆಯಲ್ಲಿ ಕಂಡುಕೊಂಡಿದ್ದಾರೆ.

ಕಳೆದ ದಶಕದಲ್ಲಿ ಈ ಪಂಕ್ತಿ ವಿವಾದಕ್ಕೆ ಸಿಕ್ಕಿತು. 1959ರ ಪ್ರಾಣಿಬಲಿ ನಿಷೇಧ ಕಾಯಿದೆಯ ಆಧಾರದ ಮೇಲೆ ಜಿಲ್ಲಾಡಳಿತವು ಜಾತ್ರೆಯಲ್ಲಿ ಪ್ರಾಣಿವಧೆಯನ್ನು ನಿರ್ಬಂಧಿಸಿತು. 2017ರ ಹೊತ್ತಿಗೆ ಪ್ರತಿಭಟನೆಗಳು ತೀವ್ರವಾದವು. ಗದ್ದುಗೆಯ ಮುಂದೆ ಬಲಿ ಕೊಡುವ ಪದ್ಧತಿ ತಮ್ಮಲ್ಲಿ ಇಲ್ಲ, ಇದು ದೇವರಿಗೆ ಕೊಡುವ ಬಲಿಯಲ್ಲ, ಮನುಷ್ಯರು ಕೂಡಿ ಉಣ್ಣುವ ಊಟ ಎಂಬುದು ಒಕ್ಕಲುಗಳ ವಾದ. ಪ್ರಾಣಿದಯೆಯ ಹೆಸರಿನಲ್ಲಿ ನಿಷೇಧವನ್ನು ಬೆಂಬಲಿಸಿದವರಿಗೆ ಈ ವ್ಯತ್ಯಾಸ ಮುಖ್ಯವೆನಿಸಲಿಲ್ಲ.

ಜೈನ ಅಧ್ಯಯನಕಾರರಿಗೆ ಈ ವಿವಾದದಲ್ಲಿ ಸುಲಭವಾದ ಆಸನವಿಲ್ಲ. ನಮ್ಮ ಸಿದ್ಧಾಂತ ಸ್ಪಷ್ಟವಾಗಿದೆ. ಅಮೃತಚಂದ್ರಾಚಾರ್ಯರ ಪುರುಷಾರ್ಥಸಿದ್ಧ್ಯುಪಾಯವು ದೇವತೆಗಾಗಿ ಮಾಡಿದ ವಧೆಯನ್ನೂ ಅತಿಥಿಗಾಗಿ ಮಾಡಿದ ವಧೆಯನ್ನೂ ಸಮಾನವಾಗಿ ತಳ್ಳಿಹಾಕುತ್ತದೆ. ಜನ್ನನ ಯಶೋಧರಚರಿತೆಯಲ್ಲಿ ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ಸಂಕಲ್ಪವೇ ಭವಭವಗಳ ದುಃಖಕ್ಕೆ ಕಾರಣವಾಗುತ್ತದೆ. ಕುರಿಯ ದೃಷ್ಟಿಯಿಂದ ನೋಡಿದರೆ ಬಲಿಗೂ ಊಟಕ್ಕೂ ಭೇದವಿಲ್ಲ. ಇದನ್ನು ಮರೆಮಾಚಿ ಬರೆಯುವುದು ಪ್ರಾಮಾಣಿಕತೆಯಲ್ಲ.

ಹಾಗೆಯೇ ಇನ್ನೊಂದು ಸತ್ಯವನ್ನು ಮರೆಮಾಚುವುದೂ ಪ್ರಾಮಾಣಿಕತೆಯಲ್ಲ. ಕಾಯಿದೆಯ ವಿಷಯ ಬಲಿಯೇ ಹೊರತು ಮಾಂಸಾಹಾರವಲ್ಲ. ಪೇಟೆಯ ಮಾಂಸದಂಗಡಿಗೂ ನಗರದ ಭೋಜನಶಾಲೆಗೂ ಅದು ಅನ್ವಯಿಸುವುದಿಲ್ಲ. ಅಲ್ಲಿ ಸುಮ್ಮನಿರುವ ದಯೆ ಬಡವರ ಪಂಕ್ತಿಯ ಮುಂದೆ ಮಾತ್ರ ಎಚ್ಚರಗೊಂಡರೆ, ಪಂಕ್ತಿಯವರು ಅದನ್ನು ದಯೆಯೆಂದು ನಂಬಲಾರರು. ಕಲ್ಯಾಣದ ಬಾಗಿಲಲ್ಲಿ ಮೂಗು ಮುಚ್ಚಿಕೊಂಡ ಶರಣರನ್ನೇ ಅವರು ಅಲ್ಲಿ ಮತ್ತೆ ಕಾಣುತ್ತಾರೆ. ಮನುಷ್ಯನೊಬ್ಬನನ್ನು ಪಂಕ್ತಿಯಿಂದ ಎಬ್ಬಿಸುವುದೂ ಹಿಂಸೆಯೇ. ಮನಸ್ಸು, ಮಾತು, ಕಾಯ ಎಂಬ ಮೂರರಿಂದಲೂ ನಡೆಯುವ ಹಿಂಸೆಯನ್ನು ವಿವರಿಸಿದ ಪರಂಪರೆಗೆ ಇದನ್ನು ಬೇರೆಯವರು ತಿಳಿಸಿಕೊಡಬೇಕಾಗಿಲ್ಲ. ನಮ್ಮವರಲ್ಲಿಯೂ ಚತುರ್ಥರು, ಪಂಚಮರು ಮೊದಲಾದ ಭೇದಗಳು ಕೊಡುಕೊಳೆಗೆ ಅಡ್ಡಿಯಾಗಿದ್ದ ಕಾಲ ಬಹಳ ಹಿಂದಿನದಲ್ಲ.

ಜೈನಪುರಾಣಗಳು ವರ್ಣಿಸುವ ಸಮವಸರಣದಲ್ಲಿ ಹನ್ನೆರಡು ಕೋಷ್ಠಗಳಿವೆ. ಅವುಗಳಲ್ಲಿ ಒಂದು ಪ್ರಾಣಿಗಳದು. ಜಿನನ ದಿವ್ಯಧ್ವನಿಯನ್ನು ಸಿಂಹವೂ ಹಸುವೂ ತಮ್ಮ ವೈರವನ್ನು ಮರೆತು ಕೇಳುತ್ತವೆ. ಚಿಕ್ಕಲ್ಲೂರಿನ ಪಂಕ್ತಿ ಮನುಷ್ಯರಲ್ಲಿ ಯಾರನ್ನೂ ಹೊರಗಿಡಲಿಲ್ಲ; ಪ್ರಾಣಿಗೆ ಅಲ್ಲಿ ಸ್ಥಳ ದೊರೆಯಲಿಲ್ಲ. ಸಮವಸರಣದ ಕಲ್ಪನೆ ಪ್ರಾಣಿಯನ್ನು ಒಳಗೆ ಕರೆಯಿತು. ಅದನ್ನು ಪೂಜಿಸಿದ ಸಮಾಜ ಮನುಷ್ಯರೆಲ್ಲರನ್ನು ತನ್ನ ಊಟಕ್ಕೆ ಕರೆಯಲಿಲ್ಲ. ಒಂದರ ಕೊರತೆಯನ್ನು ಹೇಳುವ ಅಧಿಕಾರ ಇನ್ನೊಂದಕ್ಕೆ ಇರುವುದಾದರೆ, ಅದು ತನ್ನ ಕೊರತೆಯನ್ನು ಒಪ್ಪಿಕೊಂಡ ಬಳಿಕವೇ ಬರತಕ್ಕದ್ದು. ಚಿಕ್ಕಲ್ಲೂರಿನ ಒಕ್ಕಲುಗಳಿಗೆ ಅಹಿಂಸೆಯನ್ನು ಹೇಳಬಯಸುವವರು ಆದೇಶಪತ್ರವನ್ನು ಬದಿಗಿರಿಸಿ, ಮೊದಲು ಅವರ ಜೊತೆಯಲ್ಲಿ ಒಂದೇ ಸಾಲಿನಲ್ಲಿ ಕುಳಿತು, ತಮ್ಮ ಎಲೆಯ ಅನ್ನವನ್ನು ಅವರೊಡನೆ ಉಣ್ಣಲಿ. ಅನಂತರ ಆಡುವ ಮಾತಿಗೆ ಆ ಜನ ಕಿವಿಗೊಡಬಹುದು.